ಹತ್ತು ಮೈಕ್ರೋಸೆಕೆಂಡಿನ ತಿರುವು

ಬೆಂಗಳೂರಿನಿಂದ ಭುವನೇಶ್ವರದ ಕಡೆ ಹೋಗುವ ರೈಲು ಗುಂತಕಲ್ಲು, ನಂದ್ಯಾಲ, ಗುಂಟೂರು, ವಿಜಯವಾಡ ಎಂದು ಆಂಧ್ರವನ್ನು ಅಡ್ಡಡ್ಡ ದಾಟಿ ಅನಕಾಪಲ್ಲಿ ಮುಟ್ಟುವ ಹೊತ್ತಿಗೆ ಬೋಗಿಯಲ್ಲಿ ಕನ್ನಡದ ಮಾತು ಪೂರಾ ಕರಗಿಹೋಗಿರುತ್ತದೆ. ವಿಶಾಖಪಟ್ಟಣಕ್ಕೆ ಹೋಗುವ ನಮ್ಮವರು ಇಲ್ಲಿ ಇಳಿಯುವುದು ಅಪರೂಪ. ಅವರ ಪಟ್ಟಿಯಲ್ಲಿರುವುದು ಅರಕು ಕಣಿವೆ, ಬೊರ್ರಾ ಗುಹೆ, ಕಡಲ ದಂಡೆಗೆ ಎಳೆದು ನಿಲ್ಲಿಸಿದ ಕುರುಸುರಾ ಜಲಾಂತರ್ಗಾಮಿ, ಸಿಂಹಾಚಲದ ಅಪ್ಪನ್ನ ಸ್ವಾಮಿ. ಅನಕಾಪಲ್ಲಿಯಲ್ಲಿ ಇಳಿದವರಿಗೆ ಮೊದಲು ಸಿಗುವುದು ಬೆಲ್ಲ. ಇಲ್ಲಿಯ ಬೆಲ್ಲದ ಮಾರುಕಟ್ಟೆಗೆ ದೇಶದಲ್ಲೆಲ್ಲ ಹೆಸರು. ಮಂಡ್ಯದವರು ಒಪ್ಪಲಿಕ್ಕಿಲ್ಲ, ರುಚಿಯ ವಿಷಯದಲ್ಲಿ ನಾನೂ ಒಪ್ಪುವುದಿಲ್ಲ. ಊರ ಹೊರಗೆ ಶಂಕರಂ ಹಳ್ಳಿಯ ಬಳಿ ಬೊಜ್ಜನ್ನಕೊಂಡ ಎಂಬ ಗುಡ್ಡವಿದೆ. ಬಂಡೆ ಕೊರೆದು ಮಾಡಿದ ಬೌದ್ಧ ಗುಹೆಗಳೂ ಸ್ತೂಪಗಳೂ ಅಲ್ಲಿವೆ. ಅದನ್ನು ನೋಡಲೆಂದೇ ಒಂದು ಸಲ ಬರಬಹುದು.

ನಾನು ಬಂದದ್ದು ಕಣ್ಣಿಗೆ ಕಾಣದ ಒಂದನ್ನು ನೋಡಲು. ಆಂಧ್ರ ಸರಕಾರ ಅಮರಾವತಿಯಲ್ಲಿ ಕ್ವಾಂಟಮ್ ವ್ಯಾಲಿ ಕಟ್ಟುತ್ತದೆ, ಐಬಿಎಂನ 156 ಕ್ಯೂಬಿಟ್‌ನ ಕ್ವಾಂಟಮ್ ಕಂಪ್ಯೂಟರು ಅಲ್ಲಿಗೆ ಬರುತ್ತದೆ ಎಂಬ ಸುದ್ದಿ 2025ರ ಮೇ ತಿಂಗಳಿಂದ ಕಿವಿಗೆ ಬೀಳುತ್ತಲೇ ಇತ್ತು. ಹೋಗಿ ನೋಡಿ ಬರೋಣ ಎಂದುಕೊಂಡು, ಆ ಕಡೆ ಕೆಲಸ ಮಾಡುವ ಬಳ್ಳಾರಿಯ ಪರಿಚಯದ ಹುಡುಗಿಗೆ ಫೋನು ಮಾಡಿದೆ. ಅವಳು ಔಷಧ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಮಿಸ್ಟ್. "ಅದಿನ್ನೂ ಬಂದಿಲ್ಲ ಸಾರ್, ಅಲ್ಲಿ ಏನ್ ನೋಡ್ತೀರಿ? ಸ್ಪಿನ್ ತಿರುಗಿಸೋದು ನೋಡ್ಬೇಕಂದ್ರ ಅಚ್ಯುತಾಪುರಂಗೆ ಬರ್ರಿ. ನಮ್ ಲ್ಯಾಬಿನಾಗ ದಿನಾ ಅದೇ ಕೆಲಸ," ಅಂದಳು. ಈ ಮಾತು ನನ್ನ ಪ್ರವಾಸದ ದಿಕ್ಕನ್ನೇ ಬದಲಿಸಿತು.

ಅನಕಾಪಲ್ಲಿಯಿಂದ ಅಚ್ಯುತಾಪುರಂಗೆ ಮುನಗಪಾಕ ದಾಟಿ ಹೋಗಬೇಕು. ಕಬ್ಬು, ಭತ್ತ, ತೆಂಗು ಎಲ್ಲ ನಮ್ಮ ಕಡೆಯಂತೆಯೇ. ಊರು ಹತ್ತಿರವಾದಂತೆ ಲಾರಿಗಳು ಹೆಚ್ಚಾಗುತ್ತವೆ, ಗಾಳಿಯ ವಾಸನೆ ಬದಲಾಗುತ್ತದೆ. ಮೊದಲು ವಿಶಾಖಪಟ್ಟಣಕ್ಕೆ ಸೇರಿದ್ದ ಈ ಮಂಡಲ 2022ರಿಂದ ಅನಕಾಪಲ್ಲಿ ಜಿಲ್ಲೆಯಲ್ಲಿದೆ. ಒಂದು ಪಕ್ಕ ವಿಶೇಷ ಆರ್ಥಿಕ ವಲಯ, ಇನ್ನೊಂದು ಪಕ್ಕ ಬ್ರಾಂಡಿಕ್ಸ್‌ನ ಸಿದ್ಧ ಉಡುಪಿನ ನಗರಿ. ಜಂಕ್ಷನ್ನಿನಲ್ಲಿ ಶಿಫ್ಟ್ ಬದಲಾಗುವ ಹೊತ್ತಿಗೆ ನಿಂತರೆ ಊಟದ ಡಬ್ಬಿ ಹಿಡಿದ ಹೆಣ್ಣುಮಕ್ಕಳನ್ನು ತುಂಬಿಕೊಂಡ ಬಸ್ಸುಗಳು ಸಾಲುಸಾಲಾಗಿ ಹೋಗುತ್ತವೆ. ಕಡಲ ಕಡೆಗೆ ನಡೆದರೆ ಪೂಡಿಮಡಕ ಎಂಬ ಮೀನುಗಾರರ ಊರು. ಅಲ್ಲಿ ಎನ್‌ಟಿಪಿಸಿಯ ಹಸಿರು ಹೈಡ್ರೋಜನ್ ಕೇಂದ್ರಕ್ಕೆ 2025ರ ಜನವರಿ 8ರಂದು ಶಂಕುಸ್ಥಾಪನೆ ಆಯಿತು. ಹೈಡ್ರೋಜನ್ ಎಂಬ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಾನು ನೋಡಲು ಬಂದದ್ದೂ ಅದರ ಒಡಲಿನ ಕತೆಯನ್ನೇ.

ಲ್ಯಾಬಿನ ಬಾಗಿಲಲ್ಲೇ ತಪಾಸಣೆ. "ಫೋನು, ವಾಚು, ಎಟಿಎಂ ಕಾರ್ಡು ಎಲ್ಲಾ ಇಲ್ಲೇ ಇಡ್ರಿ. ಎದಿಯೊಳಗ ಪೇಸ್‌ಮೇಕರ್ ಏನಾರ ಐತೇನ್ರಿ?" ಇಲ್ಲವೆಂದ ಮೇಲೆ ಒಳಗೆ ಬಿಟ್ಟಳು. ನಡುಕೋಣೆಯಲ್ಲಿ ಮೂರು ಕಾಲಿನ ಮೇಲೆ ನಿಂತ ಬಿಳಿಯ ದೊಡ್ಡ ಉಕ್ಕಿನ ಅಂಡೆ, ಅದರ ಸುತ್ತ ನೆಲದ ಮೇಲೆ ಬಣ್ಣದ ಗೆರೆ. ಗೆರೆ ದಾಟಿ ಕಬ್ಬಿಣ ಒಯ್ಯುವಂತಿಲ್ಲ. ಹೊರಗಿನ ಹೊದಿಕೆಯಲ್ಲಿ ದ್ರವ ಸಾರಜನಕ, ಅದರ ಒಳಗೆ ದ್ರವ ಹೀಲಿಯಂ, ಅದರಲ್ಲಿ ಮುಳುಗಿದ ತಂತಿಯ ಸುರುಳಿ. ಸೊನ್ನೆಗಿಂತ 269 ಡಿಗ್ರಿ ಕೆಳಗಿನ ಆ ಚಳಿಯಲ್ಲಿ ತಂತಿಯ ರೋಧ ಪೂರ್ತಿ ಮಾಯವಾಗುತ್ತದೆ. ಒಮ್ಮೆ ತುಂಬಿದ ಕರೆಂಟು ಹೊರಗಿನ ಯಾವ ಸಂಪರ್ಕವೂ ಇಲ್ಲದೆ ವರ್ಷಗಟ್ಟಲೆ ಸುತ್ತುತ್ತಲೇ ಇರುತ್ತದೆ. ಅಲ್ಲಿಯ ಕಾಂತಬಲ 9.4 ಟೆಸ್ಲಾ, ಭೂಮಿಯದಕ್ಕಿಂತ ಸುಮಾರು 2 ಲಕ್ಷ ಪಟ್ಟು. ಇದೇ ಎನ್‌ಎಂಆರ್ ಯಂತ್ರ. ಕಾರ್ಖಾನೆ ಮಾಡಿದ ಔಷಧದ ಅಣು ನಿಜವಾಗಿ ಅದೇ ಹೌದೋ, ಜೊತೆಗೆ ಬೇರೆ ಕಲಬೆರಕೆ ಏನಾದರೂ ಸೇರಿದೆಯೋ ಎಂದು ನೋಡಲು ಇದನ್ನು ಇಟ್ಟುಕೊಂಡಿರುತ್ತಾರೆ.

ಅವಳು ಕೆಲವೇ ಮಿಲಿಗ್ರಾಂ ಬಿಳಿಪುಡಿಯನ್ನು ದ್ರಾವಕದಲ್ಲಿ ಕರಗಿಸಿ, ಪೆನ್ಸಿಲಿಗಿಂತ ಸಣ್ಣ ಗಾಜಿನ ಟ್ಯೂಬಿಗೆ ಹಾಕಿದಳು. ಟ್ಯೂಬಿನ ದಪ್ಪ 5 ಮಿಲಿಮೀಟರ್. ಅಂಡೆಯ ಬಾಯಲ್ಲಿಟ್ಟಾಗ ಅದು ಕೆಳಗಿನಿಂದ ಬರುವ ಗಾಳಿಯ ಮೇಲೆ ತೇಲುತ್ತ ಮೆಲ್ಲಗೆ ಒಳಗಿಳಿಯಿತು. ಆಮೇಲೆ ಲಾಕ್, ಶಿಮ್, ಟ್ಯೂನಿಂಗ್ ಎಂದು ಒಂದೊಂದೇ ಮುಗಿಸಿದಳು. ಕಾಂತಬಲ ಟ್ಯೂಬಿನ ಉದ್ದಕ್ಕೂ ಒಂದೇ ಸಮ ಇರುವಂತೆ ಮಾಡುವುದು ಶಿಮ್. ಇದಕ್ಕೆ ಹಿಂದಿನವರು ಗಂಟೆಗಟ್ಟಲೆ ಗುಂಡಿ ತಿರುವುತ್ತಿದ್ದರಂತೆ, ಈಗ ಕಂಪ್ಯೂಟರೇ ಮಾಡುತ್ತದೆ.

ಪ್ರತಿ ಹೈಡ್ರೋಜನ್ ಪರಮಾಣುವಿನ ಬೀಜವೂ ಹುಟ್ಟಿನಿಂದಲೇ ಒಂದು ಪುಟ್ಟ ಅಯಸ್ಕಾಂತ. ಅದಕ್ಕೆ ಆ ಗುಣ ಕೊಡುವುದು ಸ್ಪಿನ್. ಬಲವಾದ ಕಾಂತಕ್ಷೇತ್ರದಲ್ಲಿಟ್ಟು ಅಳೆದರೆ ಅದಕ್ಕೆ ಎರಡೇ ನೆಲೆ, ಕ್ಷೇತ್ರದ ಜೊತೆಗೆ ಅಥವಾ ಅದಕ್ಕೆ ಎದುರಾಗಿ. ಅಳೆಯುವ ಮೊದಲು ಮಾತ್ರ ಈ ಎರಡರ ಯಾವ ಮಿಶ್ರಣದಲ್ಲಿ ಬೇಕಾದರೂ ಅದನ್ನು ನಿಲ್ಲಿಸಬಹುದು. ಕ್ವಾಂಟಮ್ ಕಂಪ್ಯೂಟರಿನ ಆಸೆಯೆಲ್ಲ ಈ ಮಿಶ್ರಣದ ಮೇಲೆಯೇ. ಹೀಗೆ ಎರಡು ನೆಲೆಯಿರುವ ಒಂದೊಂದು ಘಟಕವನ್ನೇ ಅಲ್ಲಿ ಕ್ಯೂಬಿಟ್ ಅನ್ನುತ್ತಾರೆ. ತಕ್ಕ ಆವರ್ತದ ರೇಡಿಯೋ ಅಲೆ ಹಾಯಿಸಿದರೆ ಸ್ಪಿನ್ ಒಂದು ನೆಲೆಯಿಂದ ಇನ್ನೊಂದರ ಕಡೆಗೆ ತಿರುಗತೊಡಗುತ್ತದೆ. ಈ ಯಂತ್ರದಲ್ಲಿ ಆ ಆವರ್ತ 400 ಮೆಗಾಹರ್ಟ್ಸ್. ಎಷ್ಟು ತಿರುಗಬೇಕೆಂಬುದು ಅಲೆಯ ಬಲ ಮತ್ತು ಅದು ಇರುವ ಹೊತ್ತು, ಇವೆರಡರ ಲೆಕ್ಕ. ಲ್ಯಾಬಿನವರು ಈ ಹೊತ್ತಿಗೆ ಪಿ-ಒನ್ ಅನ್ನುತ್ತಾರೆ. ಅವಳ ಯಂತ್ರದಲ್ಲಿ ಕಾಲು ಸುತ್ತಿಗೆ ಸುಮಾರು 10 ಮೈಕ್ರೋಸೆಕೆಂಡು. ಅಷ್ಟರಲ್ಲಿ ರೇಡಿಯೋ ಅಲೆ 4000 ಸಲ ಎದ್ದು ಬಿದ್ದಿರುತ್ತದೆ, ಸ್ಪಿನ್ ತಿರುಗುವುದು ಬರೀ 90 ಡಿಗ್ರಿ.

"ಈಗ ನೋಡ್ರಿ" ಎಂದು ಪರದೆಯ ಕಡೆ ಕೈ ತೋರಿಸಿದಳು. ರೇಡಿಯೋ ಅಲೆಯ 10 ಮೈಕ್ರೋಸೆಕೆಂಡಿನ ತುಣುಕು, ಅಂದರೆ ಪಲ್ಸ್, ಕೊಟ್ಟಾಗ ಔಷಧದ ಸ್ಪಿನ್‌ಗಳ ಸಿಗ್ನಲ್ ಪೀಕುಗಳಾಗಿ ಎತ್ತರಕ್ಕೆ ಸಾಲಾಗಿ ನಿಂತಿತು. ಸ್ಪಿನ್‌ಗಳು ಮತ್ತೆ ತಮ್ಮ ಮೊದಲ ನೆಲೆಗೆ ಮರಳಲಿ ಎಂದು ಸ್ವಲ್ಪ ಹೊತ್ತು ಬಿಟ್ಟು 20 ಮೈಕ್ರೋಸೆಕೆಂಡು ಕೊಟ್ಟಳು. ಪೀಕುಗಳು ನೆಲಕಚ್ಚಿದವು, ಗೆರೆಯೊಂದೇ ಉಳಿಯಿತು. 30ಕ್ಕೆ ಏರಿಸಿದಾಗ ಅವೇ ಪೀಕುಗಳು ತಲೆಕೆಳಗಾಗಿ ಜೋತುಬಿದ್ದವು. 40ಕ್ಕೆ ಮತ್ತೆ ಖಾಲಿ. ಅಲ್ಲಿಗೆ ಸ್ಪಿನ್ ಪೂರ್ತಿ ಒಂದು ಸುತ್ತು ಹಾಕಿ ಹೊರಟಲ್ಲಿಗೇ ಬಂದಿತ್ತು. ಬೊರ್ರಾ ಗುಹೆಯನ್ನು ನಾನೂ ನೋಡಿದ್ದೇನೆ, ಇಷ್ಟು ಬೆರಗು ಅಲ್ಲಿ ಆಗಿರಲಿಲ್ಲ. ಅಣುವಿನೊಳಗಿನ ಬೀಜಗಳ ಸ್ಪಿನ್ನನ್ನು ಕಾಲು, ಅರ್ಧ, ಮುಕ್ಕಾಲು, ಒಂದು ಎಂದು ಹೇಳಿದಷ್ಟೇ ತಿರುಗಿಸುವುದು, ಅದೂ ಟೀ ಕುಡಿಯುತ್ತ! ಅವಳಿಗೆ ಇದು ಬೆಳಗಿನ ಮೊದಲ ಕೆಲಸ. ಪಿ-ಒನ್ ಸರಿಯಿಲ್ಲದಿದ್ದರೆ ಆ ದಿನದ ಅಳತೆಯೆಲ್ಲ ತಪ್ಪು.

ಹಾಗಾದರೆ ಇನ್ನೂ ಬೇಗ ತಿರುಗಿಸಬಾರದೇಕೆ, ಬಲ ಹೆಚ್ಚಿಸಿದರೆ ಆಯಿತಲ್ಲ ಎಂದು ಕೇಳಿದೆ. ಹೊತ್ತು ಅರ್ಧಕ್ಕಿಳಿಯಬೇಕಾದರೆ ವಿದ್ಯುತ್ ನಾಲ್ಕು ಪಟ್ಟು ಬೇಕು, ಕಾಯಿಲ್ ಸುಟ್ಟುಹೋಗಬಹುದು ಎಂದಳು. ಅದಕ್ಕಿಂತ ದೊಡ್ಡ ತೊಡಕು ಬೇರೆಯದು. ಪಲ್ಸ್ ಚಿಕ್ಕದಾದಷ್ಟೂ ಅದರೊಳಗೆ ಹೆಚ್ಚು ಆವರ್ತಗಳು ಸೇರಿಕೊಳ್ಳುತ್ತವೆ, ಬೇಕಾದ ಸ್ಪಿನ್ನಿನ ಜೊತೆಗೆ ಅಕ್ಕಪಕ್ಕದವನ್ನೂ ಅದು ಅಲುಗಿಸುತ್ತದೆ. ಒಂದೇ ಪೀಕನ್ನು ಮುಟ್ಟಬೇಕಾದರೆ ಹತ್ತಾರು ಮಿಲಿಸೆಕೆಂಡಿನ ಉದ್ದದ, ಮೆತ್ತನೆಯ ಪಲ್ಸ್ ಬೇಕು. ಹಾಗೆಂದು ತೀರ ನಿಧಾನಿಸಿದರೆ ಸ್ಪಿನ್‌ಗಳು ಸುತ್ತಲಿನ ಗದ್ದಲಕ್ಕೆ ಸಿಕ್ಕಿ ತಮ್ಮ ಲಯವನ್ನೇ ಮರೆತುಬಿಡುತ್ತವೆ. ಬೇಗ ಮಾಡಿದರೆ ನೆರೆಯವರಿಗೆ ತಗಲುತ್ತದೆ, ನಿಧಾನ ಮಾಡಿದರೆ ಕೈತಪ್ಪುತ್ತದೆ. ಜಗತ್ತಿನ ಕ್ವಾಂಟಮ್ ಲ್ಯಾಬುಗಳೆಲ್ಲ ಇಂದು ಗುದ್ದಾಡುತ್ತಿರುವುದು ಇದರ ಜೊತೆಗೇ.

ದಾರಿ ಇರುವುದು ಪಲ್ಸಿನ ಆಕಾರದಲ್ಲಿ. ತುಂಬಿದ ಕೊಡ ಹೊತ್ತ ಹೆಂಗಸು ಒಮ್ಮೆಲೇ ಓಡಲು ಹೊರಟರೆ ನೀರು ತುಳುಕುತ್ತದೆ, ಗಕ್ಕನೆ ನಿಂತರೂ ತುಳುಕುತ್ತದೆ. ಮೆಲ್ಲಗೆ ಹೊರಟು, ನಡುವೆ ಬಿರುಸಾಗಿ ನಡೆದು, ಮತ್ತೆ ಮೆಲ್ಲಗೆ ನಿಂತರೆ ಹನಿಯೂ ಚೆಲ್ಲದು. ಪಲ್ಸನ್ನೂ ಹೀಗೆಯೇ ಏರಿಸಿ ಇಳಿಸಬೇಕು. ಎಷ್ಟು ಏರಿಳಿತ, ಯಾವ ಕ್ಷಣಕ್ಕೆ ಯಾವ ತಿರುವು ಎಂದು ಕಂಪ್ಯೂಟರಿನಿಂದಲೇ ಹುಡುಕಿಸುವ ಗ್ರೇಪ್ ಎಂಬ ವಿಧಾನವೊಂದಿದೆ. ಅದನ್ನು 2005ರಲ್ಲಿ ಪ್ರಕಟಿಸಿದ ತಂಡದಲ್ಲಿ ಮೊದಲ ಹೆಸರು ನವೀನ್ ಖನೇಜಾ ಅವರದು, ಕೊನೆಯದು ಮ್ಯೂನಿಕ್‌ನ ಸ್ಟೆಫೆನ್ ಗ್ಲೇಸರ್ ಅವರದು. ಎನ್‌ಎಂಆರ್‌ಗೆಂದು ಹುಟ್ಟಿದ ಆ ಲೆಕ್ಕ ಈಗ ಎಲ್ಲ ಬಗೆಯ ಕ್ಯೂಬಿಟ್‌ಗಳಿಗೂ ಅನ್ನ ಹಾಕುತ್ತಿದೆ.

ಹೊರಗೆ ಬರುವಾಗ ಅವಳು ಕಾರ್ಖಾನೆಗಳ ಸಾಲಿನ ಕಡೆ ನೋಡುತ್ತ ಹೇಳಿದ್ದು ಸ್ಪಿನ್ನಿನ ವಿಷಯವಲ್ಲ. 2024ರ ಆಗಸ್ಟ್ 21ರಂದು ಇದೇ ವಲಯದ ಔಷಧ ಘಟಕವೊಂದರಲ್ಲಿ ದ್ರಾವಕ ಸೋರಿ ಸ್ಫೋಟವಾಗಿ 17 ಜನ ತೀರಿಕೊಂಡಿದ್ದರು. ಅಣುವಿನೊಳಗಿನ ಕಾಲು ತಿರುವನ್ನು ಅಳೆಯಬಲ್ಲ ಊರು ಪೈಪಿನ ಸೋರಿಕೆಯನ್ನು ಅಳೆಯಲಿಲ್ಲ. ಇದನ್ನು ಬಿಟ್ಟು ಅಚ್ಯುತಾಪುರಂ ಬಗ್ಗೆ ಬರೆದರೆ ಅರ್ಧ ಬರೆದಂತೆ.

ವಿಶಾಖಪಟ್ಟಣಕ್ಕೆ ಬಂದ ಮೇಲೆ ಹಳೆಯ ಊರಿನ ಕಡೆ ಹೋದೆ. ಚಂದ್ರಶೇಖರ ವೆಂಕಟರಾಮನ್ ನಾಲ್ಕು ವರ್ಷದ ಹುಡುಗನಾಗಿದ್ದಾಗ ಅವರ ತಂದೆಗೆ ಇಲ್ಲಿಯ ಎ.ವಿ.ಎನ್. ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಸೇಂಟ್ ಅಲೋಷಿಯಸ್ ಶಾಲೆಯಲ್ಲಿ ಓದಿದ ಹುಡುಗ 11ನೇ ವಯಸ್ಸಿಗೇ ಮೆಟ್ರಿಕ್ ಮುಗಿಸಿದ. ರಾಮನ್ ಎಂದರೆ ನಮಗೆ ಬೆಂಗಳೂರು, ಟಾಟಾ ಇನ್‌ಸ್ಟಿಟ್ಯೂಟು, ಮೇಖ್ರಿ ವೃತ್ತದ ಬಳಿಯ ಅವರ ಸಂಶೋಧನಾ ಸಂಸ್ಥೆಯ ತೋಟ. ಸಮುದ್ರದ ನೀಲಿ ಅವರ ಕಣ್ಣಿಗೆ ಮೊದಲು ಬಿದ್ದದ್ದು ಇಲ್ಲಿಯೇ ಇರಬೇಕು ಎಂದು ಊರಿನವರು ಅಭಿಮಾನದಿಂದ ಹೇಳುತ್ತಾರೆ. ಹಾಗೆ ಹೇಳುವ ಹಕ್ಕು ಅವರಿಗಿದೆ, ಪುರಾವೆ ಕೇಳಲು ನಾನು ಹೋಗಲಿಲ್ಲ.

ಸ್ಪಿನ್ನಿನ ಕತೆಗೆ ನನಗೆ ಬೇಕಾಗಿದ್ದವರು ಇನ್ನೊಬ್ಬರು. ಆಗಿನ ಕೃಷ್ಣಾ ಜಿಲ್ಲೆಯ ಸೂರಿ ಭಗವಂತಂ ಕಲ್ಕತ್ತೆಯಲ್ಲಿ ರಾಮನ್ ಅವರ ಬಳಿ ಕೆಲಸ ಕಲಿತವರು. ಇಬ್ಬರೂ ಸೇರಿ 1931ರಲ್ಲಿ ಚದುರಿದ ಬೆಳಕಿನ ಧ್ರುವೀಕರಣವನ್ನು ಅಳೆದು, ಬೆಳಕಿನ ಕಣವಾದ ಫೋಟಾನಿಗೂ ಸ್ಪಿನ್ ಇದೆ ಎಂಬುದಕ್ಕೆ ಪ್ರಯೋಗದ ಸಾಕ್ಷಿ ಕೊಟ್ಟರು. ಆ ಬರಹದ ತಲೆಬರಹದಲ್ಲೇ ಫೋಟಾನಿನ ಸ್ಪಿನ್ ಎಂದಿದೆ. ರಾಮನ್ ಪರಿಣಾಮದ ಅಬ್ಬರದಲ್ಲಿ ಇದನ್ನು ನಾವು ಮರೆತೇಬಿಟ್ಟಿದ್ದೇವೆ. ಭಗವಂತಂ ಆಮೇಲೆ ವಿಶಾಖಪಟ್ಟಣದ ವಾಲ್ಟೇರಿನ ಆಂಧ್ರ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಬೆಳೆಸಿದರು. 1926ರಲ್ಲಿ ಹುಟ್ಟಿದಾಗ ಆ ವಿಶ್ವವಿದ್ಯಾಲಯ ಇದ್ದದ್ದು ಬೆಜವಾಡದಲ್ಲಿ, ಅಂದರೆ ಇಂದಿನ ವಿಜಯವಾಡದಲ್ಲಿ. ವಾಲ್ಟೇರಿಗೆ ಬಂದದ್ದು 1930ರಲ್ಲಿ. ಮರುವರ್ಷವೇ ಅದರ ಕುಲಪತಿಯಾದವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತತ್ವಶಾಸ್ತ್ರ ಹೇಳಿ ಬಂದಿದ್ದ ರಾಧಾಕೃಷ್ಣನ್. ಭಗವಂತಂ 1957ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದು ಐದು ವರ್ಷ ಇದ್ದರು. ವಿಜಯವಾಡ, ವಿಶಾಖಪಟ್ಟಣ, ಬೆಂಗಳೂರು ಎಂಬ ಈ ಮೂರು ಮೂಲೆಯ ಓಡಾಟ ಆಂಧ್ರ, ಕರ್ನಾಟಕಗಳ ಇವತ್ತಿನ ಕ್ವಾಂಟಮ್ ಪೈಪೋಟಿಯ ಸುದ್ದಿ ಓದುವವರಿಗೆ ಗೊತ್ತೇ ಇರುವುದಿಲ್ಲ.

ಸಿಂಹಾಚಲಕ್ಕೂ ಹತ್ತಿ ಬಂದೆ. 1516ರಲ್ಲಿ ಗಜಪತಿಯನ್ನು ಗೆದ್ದ ಕೃಷ್ಣದೇವರಾಯ ರಾಣಿಯರೊಡನೆ ಇಲ್ಲಿಗೆ ಬಂದು ಆಭರಣ ಒಪ್ಪಿಸಿದ ಶಾಸನವಿದೆ. ಹಂಪಿಯಿಂದ ಇಲ್ಲಿಯವರೆಗೆ ದಂಡು ನಡೆದು ಬಂದದ್ದನ್ನು ನೆನೆದರೆ ಸ್ಲೀಪರ್ ಬರ್ತಿನ ಬಗ್ಗೆ ಗೊಣಗಲು ನಾಚಿಕೆಯಾಗುತ್ತದೆ.

ವಿಜಯವಾಡಕ್ಕೆ ರತ್ನಾಚಲ ಎಕ್ಸ್‌ಪ್ರೆಸ್ ಹಿಡಿದೆ. ತುನಿ, ಅನ್ನವರಂ, ಸಾಮರ್ಲಕೋಟ ದಾಟಿ ರಾಜಮಂಡ್ರಿಯಲ್ಲಿ ಗೋದಾವರಿ ಸಿಗುವವರೆಗೆ ಯೋಚನೆಗೆ ಬೇಕಾದಷ್ಟು ಸಮಯ. ಪಕ್ಕದಲ್ಲಿ ಕೂತಿದ್ದ ಎಂಜಿನಿಯರಿಂಗ್ ಹುಡುಗ ಅಮರಾವತಿಯ ಯಂತ್ರದ ಬಗ್ಗೆ ಹುರುಪಿನಿಂದ ಹೇಳುತ್ತಿದ್ದ. "ಮೊದಲು ಬರುವುದು ನಮ್ಮಲ್ಲೇ, ಸಾರ್!" ಅಮೆರಿಕದ ಕಂಪನಿಯ ಯಂತ್ರವನ್ನು ಅವನು ತನ್ನ ಊರಿನ ಮಗುವೆಂಬಂತೆ ಹೇಳುವುದು ನನಗೆ ಇಷ್ಟವಾಯಿತು. ಆದರೆ ಅದರ ಹಳೆಯ ಕತೆ ಅವನಿಗೆ ಗೊತ್ತಿರಲಿಲ್ಲ. ಐಬಿಎಂ 2001ರಲ್ಲಿ ಜಗತ್ತಿಗೆ ತೋರಿಸಿದ ಕ್ವಾಂಟಮ್ ಕಂಪ್ಯೂಟರು ಅಚ್ಯುತಾಪುರಂನಲ್ಲಿ ನಾನು ನೋಡಿದಂಥದೇ ಒಂದು ಗಾಜಿನ ಟ್ಯೂಬು! ಕ್ಯಾಲಿಫೋರ್ನಿಯಾದ ಆಲ್ಮಡೆನ್ ಲ್ಯಾಬಿನಲ್ಲಿ ಲೀವನ್ ವಾಂಡರ್‌ಸೈಪನ್, ಐಸಾಕ್ ಚುವಾಂಗ್ ಮತ್ತು ಸಂಗಡಿಗರು ಒಂದು ಅಣುವಿನ ಏಳು ಬೀಜಗಳ ಸ್ಪಿನ್‌ಗಳನ್ನು ರೇಡಿಯೋ ಪಲ್ಸ್‌ಗಳಿಂದ ಒಂದಾದ ಮೇಲೊಂದು ತಿರುಗಿಸಿ, 15 ಎಂದರೆ ಮೂರೈದ್ಲೆ ಎಂದು ಲೆಕ್ಕ ಹಾಕಿಸಿದರು. ಮೂರನೇ ತರಗತಿಯ ಮಗ್ಗಿಗೆ ಅಷ್ಟೆಲ್ಲ ಸಾಹಸ ಎಂದು ನಕ್ಕವರಿದ್ದರು. ಆದರೆ ಅಲ್ಲಿ ಪರೀಕ್ಷೆಯಾದದ್ದು ಮಗ್ಗಿಯಲ್ಲ, ಹೇಳಿದಷ್ಟೇ ತಿರುಗಿಸಬಲ್ಲೆವೇ ಎಂಬುದು.

ಬೆಂಗಳೂರಿನಲ್ಲಿ ಈ ಕೆಲಸ ಇನ್ನೂ ಹಳೆಯದು. ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ 1951ರಲ್ಲಿಯೇ ಹರಿಯುವ ದ್ರವದ ಎನ್‌ಎಂಆರ್ ಅಳೆದು ಪ್ರಕಟಿಸಿದರು. ರಕ್ತದ ಹರಿವನ್ನು ಎಂಆರ್‌ಐನಲ್ಲಿ ನೋಡುವ ಇವತ್ತಿನ ಪರೀಕ್ಷೆಗಳ ಬೇರು ಅಲ್ಲಿಯವರೆಗೂ ಹೋಗುತ್ತದೆ. ಅದೇ ಸಂಸ್ಥೆಯ ಅನಿಲ್ ಕುಮಾರ್ 1975ರಲ್ಲಿ ಜ್ಯೂರಿಕ್‌ನಲ್ಲಿ ರಿಚರ್ಡ್ ಅರ್ನ್‌ಸ್ಟ್ ಅವರೊಡನೆ ಬರೆದ ಪ್ರಬಂಧ ಎಂಆರ್‌ಐ ಚಿತ್ರ ತೆಗೆಯುವ ವಿಧಾನಕ್ಕೆ ಅಡಿಗಲ್ಲಾಯಿತು. 2000ದ ಹೊತ್ತಿಗೆ ಅನಿಲ್ ಕುಮಾರ್ ಅವರೇ ಕವಿತಾ ದೊರೈ, ಅರವಿಂದ್ ಅವರೊಡನೆ ಸೇರಿ, ಬೇಕಾದ ಸ್ಪಿನ್ನನ್ನು ಮಾತ್ರ ಮುಟ್ಟುವ ಮೆತ್ತನೆಯ ಪಲ್ಸ್‌ಗಳಿಂದ ಕ್ವಾಂಟಮ್ ಲೆಕ್ಕ ಮಾಡಿಸಿ ತೋರಿಸಿದರು. ಬೆಂಗಳೂರಿನಲ್ಲಿ ಕ್ವಾಂಟಮ್ ಎಂದರೆ ನಿನ್ನೆ ಮೊನ್ನೆ ಶುರುವಾದ ಸ್ಟಾರ್ಟಪ್ ಎಂದುಕೊಂಡವರಿಗೆ ಇದನ್ನು ಹೇಳಬೇಕು.

ಇಷ್ಟೆಲ್ಲ ಇದ್ದೂ ಟ್ಯೂಬನ್ನು ಬಿಡಬೇಕಾಯಿತೇಕೆ? ಕೋಣೆಯ ಬಿಸಿಯಲ್ಲಿ, ಅಷ್ಟು ದೊಡ್ಡ ಕಾಂತದಲ್ಲೂ ಎರಡು ನೆಲೆಯ ಸ್ಪಿನ್‌ಗಳ ನಡುವಿನ ವ್ಯತ್ಯಾಸ ಲಕ್ಷಕ್ಕೆ ಮೂರರಷ್ಟು ಮಾತ್ರ. ಉಳಿದವೆಲ್ಲ ಒಂದನ್ನೊಂದು ಅಳಿಸಿಹಾಕುತ್ತವೆ. ಕ್ಯೂಬಿಟ್ ಹೆಚ್ಚಿಸುತ್ತ ಹೋದಂತೆ ಸಿಗ್ನಲ್ ಸೊರಗುತ್ತದೆ. ಆಗ ಹಲವರು ಒಂಟಿ ಎಲೆಕ್ಟ್ರಾನನ್ನು ಸಿಲಿಕಾನ್ ಚಿಪ್ಪಿನೊಳಗೆ ಹಿಡಿದಿಟ್ಟು, ಮಹಾ ಚಳಿಯಲ್ಲಿ ಅದರ ಸ್ಪಿನ್ ತಿರುಗಿಸುವ ದಾರಿ ಹಿಡಿದರು. 1998ರಲ್ಲಿ ಡೇನಿಯಲ್ ಲಾಸ್ ಮತ್ತು ಡೇವಿಡ್ ಡಿವಿನ್ಸೆಂಜೊ ಇದರ ನಕ್ಷೆ ಬರೆದಿದ್ದರು. 2022ರ ಜನವರಿಯಲ್ಲಿ ಒಂದೇ ವಾರ ಮೂರು ದೇಶಗಳಿಂದ ಫಲಿತಾಂಶ ಬಂತು. ಜಪಾನಿನ ರೈಕೆನ್ ತಂಡದವರು ಎರಡು ಸ್ಪಿನ್‌ಗಳನ್ನು ಹೆಣೆಯುವ, ಗೇಟ್ ಎಂಬ ಲೆಕ್ಕದ ಹೆಜ್ಜೆಯನ್ನು ಶೇಕಡಾ 99.5ರಷ್ಟು ಫಿಡೆಲಿಟಿಯಲ್ಲಿ, ಅಂದರೆ ಅಷ್ಟು ಕರಾರುವಾಕ್ಕಾಗಿ, ಮಾಡಿದರು. ಸಿಡ್ನಿಯವರು ಸಿಲಿಕಾನಿನೊಳಗೆ ನೆಟ್ಟ ರಂಜಕದ ಬೀಜಗಳಲ್ಲಿ 99.37 ಮುಟ್ಟಿದರು. ನೆದರ್ಲೆಂಡ್ಸಿನ ಡೆಲ್ಫ್ಟ್‌ನವರದು 99.65. ಡೆಲ್ಫ್ಟ್‌ನ ತಂಡ ಯಾರದ್ದು ಗೊತ್ತೆ? ಇಪ್ಪತ್ತು ವರ್ಷ ಹಿಂದೆ ಟ್ಯೂಬಿನಲ್ಲಿ 15ನ್ನು ಒಡೆದ ಅದೇ ವಾಂಡರ್‌ಸೈಪನ್ ಅವರದು.

99 ಎಂದರೆ ಪರೀಕ್ಷೆಯಲ್ಲಿ ರ‍್ಯಾಂಕು, ಕ್ವಾಂಟಮ್‌ನಲ್ಲಿ ಆಗಷ್ಟೇ ಪಾಸು. ಒಂದೊಂದು ತಿರುವೂ ನೂರರಲ್ಲಿ ಒಮ್ಮೆ ತಪ್ಪಿದರೆ, ನೂರು ತಿರುವು ಸಾಲಾಗಿ ಸರಿಬರುವ ಸಾಧ್ಯತೆ ನೂರಕ್ಕೆ 37ಕ್ಕೂ ಕಡಿಮೆ. ಸಾವಿರದಲ್ಲಿ ಒಮ್ಮೆ ತಪ್ಪಿದರೆ ಅದು 90ಕ್ಕೆ ಏರುತ್ತದೆ. ತಪ್ಪು ತಿದ್ದುವ ವಿಧಾನಗಳಿವೆ, ಆದರೆ ಅವು ಕೆಲಸ ಮಾಡಬೇಕಾದರೂ ಸುಮಾರು 99ರ ಹೊಸ್ತಿಲು ದಾಟಿರಬೇಕು. ಅದಕ್ಕೇ ಆ ಮೂರು ಫಲಿತಾಂಶಗಳಿಗೆ ಅಷ್ಟು ಬೆಲೆ. ವೇಗದ ಓಟ ಇನ್ನೊಂದು ಕಡೆ ನಡೆದಿದೆ. ಚೀನಾದ ಹೆಫೇಯ ತಂಡವೊಂದು 2022ರಲ್ಲಿ ಜರ್ಮೇನಿಯಂನೊಳಗಿನ ಸ್ಪಿನ್ನನ್ನು ಸೆಕೆಂಡಿಗೆ 54 ಕೋಟಿ ಸುತ್ತಿನ ವೇಗದಲ್ಲಿ ತಿರುಗಿಸಿತು. ಅರ್ಧ ಸುತ್ತಿಗೆ ಒಂದು ನ್ಯಾನೋಸೆಕೆಂಡೂ ಬೇಡ. ಅದೇ ಊರಿನ ಇನ್ನೊಂದು ತಂಡ 2015ರಲ್ಲಿ ವಜ್ರದೊಳಗಿನ ಒಂದು ಸ್ಪಿನ್ನನ್ನು, ಯಾವ ಚಳಿಯೂ ಇಲ್ಲದೆ, 99.9952ರ ಫಿಡೆಲಿಟಿಯಲ್ಲಿ ತಿರುಗಿಸಿತ್ತು. ಒಬ್ಬರಿಗೆ ವೇಗ ಸಿಕ್ಕಿತು, ಇನ್ನೊಬ್ಬರಿಗೆ ಕರಾರುವಾಕ್ಕುತನ. ಎರಡನ್ನೂ ಒಟ್ಟಿಗೆ, ಅದೂ ನೂರಾರು ಸ್ಪಿನ್ ಕ್ಯೂಬಿಟ್‌ಗಳಲ್ಲಿ ಪಡೆದವರು ಇನ್ನೂ ಯಾರೂ ಇಲ್ಲ.

ವಿಜಯವಾಡದಲ್ಲಿ ಇಳಿದಾಗ ಸಂಜೆ. ನಮ್ಮ ಆಲಮಟ್ಟಿ, ನಾರಾಯಣಪುರಗಳನ್ನು ದಾಟಿ ಬಂದ ಕೃಷ್ಣೆ ಇಲ್ಲಿ 1957ರ ಪ್ರಕಾಶಂ ಬ್ಯಾರೇಜಿಗೆ ಒರಗಿ ನಿಂತಿದ್ದಳು. ರಾತ್ರಿಯ ಊಟಕ್ಕೆ ಉಲವಚಾರು. ನಮ್ಮ ಹುರುಳಿ ಕಟ್ಟಿನ ಸಾರನ್ನೇ ಇನ್ನಷ್ಟು ಗಟ್ಟಿಯಾಗಿ ಕುದಿಸಿ, ಮೇಲೆ ಕೆನೆ ಹಾಕಿ ಕೊಡುತ್ತಾರೆ. ಹಾಸನದವರು ಕೆನೆಯನ್ನು ಕ್ಷಮಿಸಬೇಕು, ಚೆನ್ನಾಗಿಯೇ ಇರುತ್ತದೆ.

2025ರ ಜೂನ್ 30ರಂದು ಕ್ವಾಂಟಮ್ ವ್ಯಾಲಿಯ ರಾಷ್ಟ್ರೀಯ ಕಾರ್ಯಾಗಾರ ನಡೆದದ್ದು ಇದೇ ಊರಿನಲ್ಲಿ. ಬೆಳಿಗ್ಗೆ ಎದ್ದು ನದಿ ದಾಟಿ ಅಮರಾವತಿಯ ಕಡೆ ಹೋದೆ. ಉದ್ದಂಡರಾಯುನಿಪಾಲೆಂನಲ್ಲಿ 2015ರ ಅಕ್ಟೋಬರ್ 22ರಂದು ರಾಜಧಾನಿಗೆ ಶಂಕುಸ್ಥಾಪನೆ ಆಗಿತ್ತು. ನಡುವೆ ಸರಕಾರ ಬದಲಾಗಿ ಕೆಲಸ ನಿಂತು, ಕಬ್ಬಿಣದ ಸರಳುಗಳು ಮಳೆಗೆ ತುಕ್ಕು ಹಿಡಿದು, 2025ರ ಮೇ 2ರಂದು ಮತ್ತೆ ಶುರುವಾಯಿತು. ಐಬಿಎಂ ಮತ್ತು ಟಿಸಿಎಸ್ ಕ್ವಾಂಟಮ್ ಯಂತ್ರದ ಘೋಷಣೆ ಮಾಡಿದ್ದೂ ಅದೇ ದಿನ. 2026ರ ಜನವರಿಗೇ ಯಂತ್ರ ಓಡಬೇಕೆಂದು ಮೊದಲಿಗೆ ಗುರಿ ಇಟ್ಟುಕೊಂಡಿದ್ದರು. ನಾನು ಹೋದದ್ದು ಅದಕ್ಕೂ ಮೊದಲು, ಚಳಿಗಾಲದಲ್ಲಿ. ಕಂಡದ್ದು ಅಗಲವಾದ ರಸ್ತೆ, ಕ್ರೇನುಗಳು, ಜೊಂಡು ಬೆಳೆದ ಹೊಂಡಗಳು, ಬಾಳೆತೋಟದ ಉಳಿದ ತುಂಡುಗಳು. ಯಂತ್ರವಿರಲಿಲ್ಲ. ಬಳ್ಳಾರಿ ಹುಡುಗಿ ಸರಿಯಾಗಿಯೇ ಹೇಳಿದ್ದಳು.

ಬರುವ ಯಂತ್ರದ ಹೆಸರು ಸಿಸ್ಟಂ ಟೂ, ಒಳಗಿನ ಚಿಪ್ಪು ಹೆರಾನ್. ಅದರ ಕ್ಯೂಬಿಟ್ ನಿಜವಾದ ಸ್ಪಿನ್ ಅಲ್ಲ. ಅತಿವಾಹಕದ ಪುಟ್ಟ ವಿದ್ಯುತ್ ಮಂಡಲವೊಂದು ಎರಡು ನೆಲೆಯ ಸ್ಪಿನ್ನಿನಂತೆ ನಡೆದುಕೊಳ್ಳುತ್ತದೆ. ತಿರುಗಿಸುವುದು ಮಾತ್ರ ಹಾಗೆಯೇ, ಗಿಗಾಹರ್ಟ್ಸ್ ಅಲೆಯ ಹತ್ತಾರು ನ್ಯಾನೋಸೆಕೆಂಡಿನ ಪಲ್ಸ್‌ನಿಂದ. ಅವಸರ ಮಾಡಿದರೆ ಅದು ಎರಡು ನೆಲೆ ಬಿಟ್ಟು ಮೂರನೆಯದಕ್ಕೆ ಜಾರುತ್ತದೆ. ಆ ಜಾರಿಕೆಯನ್ನು ತಡೆಯುವ ಪಲ್ಸಿನ ಆಕಾರವನ್ನು 2009ರಲ್ಲಿ ಮೊಟ್‌ಜೊಯ್, ಗ್ಯಾಂಬೆಟ್ಟಾ ಮತ್ತು ಸಂಗಡಿಗರು ಕಂಡುಹಿಡಿದರು. ಜೇ ಗ್ಯಾಂಬೆಟ್ಟಾ ಮುಂದೆ ಐಬಿಎಂನ ಕ್ವಾಂಟಮ್ ವಿಭಾಗವನ್ನೇ ನಡೆಸಿದರು. ಈ ಚಿಪ್ಪಿಗೆ ಬೇಕಾದ ತಾಪ ಅಂತರಿಕ್ಷದ ತಾಪದ ನೂರನೇ ಒಂದು ಪಾಲಿಗಿಂತಲೂ ಕಡಿಮೆ, ಕೆಲ್ವಿನ್ನಿನ ನೂರರಲ್ಲಿ ಒಂದೆರಡು ಪಾಲು. ಮೇ ತಿಂಗಳ ಬೆಜವಾಡದಲ್ಲಿ ನಿಂತು ಆ ಚಳಿಯನ್ನು ಕಾಪಾಡುವವರಿಗೆ ನನ್ನ ನಮಸ್ಕಾರ ಮೊದಲೇ ಸಲ್ಲಲಿ.

ಬೆಂಗಳೂರೂ ಸುಮ್ಮನೆ ಕೂತಿಲ್ಲ. ಕ್ಯೂಪಿಎಐ 2025ರ ಏಪ್ರಿಲ್‌ನಲ್ಲಿ 25 ಕ್ಯೂಬಿಟ್‌ನ ಇಂಡಸ್ ಯಂತ್ರವನ್ನು ಹೊರತಂದಿತು. ಕರ್ನಾಟಕ ಸರಕಾರ 1000 ಕೋಟಿಯ ಯೋಜನೆ ಹೇಳಿದೆ, ಹೆಸರಘಟ್ಟದಲ್ಲಿ ಕ್ವಾಂಟಮ್ ಸಿಟಿಗೆ ಜಾಗ ಕೊಟ್ಟಿದೆ. ಕೇಂದ್ರದ 6003.65 ಕೋಟಿಯ ಕ್ವಾಂಟಮ್ ಮಿಷನ್‌ನಲ್ಲಿ ಕಂಪ್ಯೂಟಿಂಗ್ ಹೊಣೆ ಹೊತ್ತ ಕೇಂದ್ರ ಇರುವುದು ವಿಜ್ಞಾನ ಸಂಸ್ಥೆಯಲ್ಲಿ. ಎರಡೂ ರಾಜ್ಯದ ಮಂತ್ರಿಗಳು ಕ್ಯೂಬಿಟ್ ಎಷ್ಟು, ಕೋಟಿ ಎಷ್ಟು, ಎಕರೆ ಎಷ್ಟು ಎಂದು ಹೇಳುತ್ತಾರೆ. ಅಚ್ಯುತಾಪುರಂನ ಹುಡುಗಿ ಬೆಳಿಗ್ಗೆ ಮೊದಲು ನೋಡುವ ಸಂಖ್ಯೆಯನ್ನು ಯಾರೂ ಹೇಳುವುದಿಲ್ಲ. ನನ್ನ ಮಟ್ಟಿಗೆ ಕ್ಯೂಬಿಟ್‌ಗಳ ಎಣಿಕೆ ಜಂಬದ ಲೆಕ್ಕ, ತಿರುವಿನ ತಪ್ಪು ಕೆಲಸದ ಲೆಕ್ಕ.

ಹಾಗಾಗಿ ಅಮರಾವತಿಯಲ್ಲೋ ಹೆಸರಘಟ್ಟದಲ್ಲೋ ಯಂತ್ರ ನೋಡಲು ಬಾಗಿಲು ತೆರೆದ ದಿನ ಓದುಗರು ಹೋಗಬೇಕು, ಹೋಗಿ ಎರಡೇ ಪ್ರಶ್ನೆ ಕೇಳಬೇಕು. ಒಂದು ತಿರುವಿಗೆ ಎಷ್ಟು ಹೊತ್ತು? ಸಾವಿರ ತಿರುವಿಗೆ ಎಷ್ಟು ತಪ್ಪು? ಅಲ್ಲಿಯವರೆಗೆ ಕಾಯಲಾರದವರು ಫೆಬ್ರುವರಿ, ಮಾರ್ಚಿನ ಹೊತ್ತಿಗೆ ವಿಜ್ಞಾನ ಸಂಸ್ಥೆಯಲ್ಲಿ ನಡೆಯುವ ಮುಕ್ತ ದಿನಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ, ಎನ್‌ಎಂಆರ್ ಕೇಂದ್ರ ಎಲ್ಲಿದೆ ಎಂದು ವಿಚಾರಿಸಿ. ಎಟಿಎಂ ಕಾರ್ಡು ಮನೆಯಲ್ಲೇ ಇರಲಿ.